ಶೇಕಡಾ ಆರರ ಅಪಸ್ವರ

ಬೆಳಿಗ್ಗೆ ಏಳೂವರೆಗೆ ಗಂಡ ಬೀರುವಿನ ಕನ್ನಡಿಯ ಮುಂದೆ ನಿಂತು ಎರಡನೆಯ ಶರ್ಟನ್ನೂ ಬಿಚ್ಚಿ ಹಾಸಿಗೆಯ ಮೇಲೆ ಎಸೆದಾಗ, ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ ಅವಳಿಗೆ ಈಗಲಾದರೂ ಹೇಳಿಬಿಡಬೇಕು ಅನ್ನಿಸಿತು. ಹೇಳುವುದಕ್ಕೆ ಇದ್ದದ್ದು ಒಂದೇ ವಾಕ್ಯ: ನಿಮ್ಮ ಕಪ್ಪುಕುಳಿಯನ್ನು ಮಾಡಿದವಳು ನಾನು. ಏಳು ತಿಂಗಳಿಂದ ಆ ವಾಕ್ಯ ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಗಿತ್ತು. ಈಗ ಉಳಿದಿರುವುದು ಎರಡೂವರೆ ಗಂಟೆ. ಹತ್ತಕ್ಕೆ ಸಭಾಂಗಣದಲ್ಲಿ ನಿರ್ದೇಶಕರು ಲಕೋಟೆ ಒಡೆಯುತ್ತಾರೆ, ಒಳಗಿನ ಹಾಳೆ ಓದುತ್ತಾರೆ, ಆಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. "ಆ ನೀಲಿಯದೇ ಕೊಡು," ಅಂದ ಅವನು, "ಅದು ಸ್ವಲ್ಪ ಗಂಭೀರವಾಗಿ ಕಾಣತ್ತೆ." "ನೀಲಿಯದರ ಕಾಲರು ಸವೆದಿದೆ ರೀ." "ಇರಲಿ ಬಿಡು. ನನ್ನ ಕಾಲರು ನೋಡೋಕೆ ಯಾರು ಬರ್ತಾರೆ." ಅವಳು ನೀಲಿ ಶರ್ಟನ್ನು ಹಲಗೆಯ ಮೇಲೆ ಹರವಿ ಸವೆದ ಕಾಲರಿನ ಮೇಲೆ ಪೆಟ್ಟಿಗೆಯನ್ನು ಒತ್ತಿದಳು. ಹಬೆ ಎದ್ದಿತು. ಒತ್ತಿದಷ್ಟೂ ಎಳೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಹಿಂದೆ ನಿಂತಿದ್ದ ಅವನು ಏನೋ ಗುನುಗುತ್ತಿದ್ದ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವನು ಗುನುಗಿದ್ದು ಈ ಏಳು ತಿಂಗಳಲ್ಲಿ ಮಾತ್ರ. ಗುನುಗುವವನ ಬಾಯಿ ಮುಚ್ಚಿಸುವುದು ಹೇಗೆ? ಶರ್ಟು ಕೊಟ್ಟಳು. ವಾಕ್ಯ ಮತ್ತೆ ಹಿಂದಕ್ಕೆ ಹೋಯಿತು.

ಗಂಡಹೆಂಡಿರಿಬ್ಬರೂ ಕೆಲಸ ಮಾಡುವುದು ಕಪ್ಪುಕುಳಿಗಳ ಸದ್ದು ಹಿಡಿಯುವ ಕೇಂದ್ರದಲ್ಲಿ. ನಾಲ್ಕು ನಾಲ್ಕು ಕಿಲೋಮೀಟರು ಉದ್ದದ ಎರಡು ಕೊಳವೆಗಳು, ಅವುಗಳ ತುದಿಗೆ ತೂಗುಬಿಟ್ಟ ಕನ್ನಡಿಗಳು, ನಡುವೆ ಹಗಲೂ ರಾತ್ರಿ ಓಡಾಡುವ ಲೇಸರ್ ಬೆಳಕು. ನೂರು ಕೋಟಿ ವರ್ಷಗಳ ಹಿಂದೆ ಎಲ್ಲೋ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದರೆ ಆಕಾಶವೇ ಅದುರುತ್ತದೆ. ಆ ಅದುರು ಇಲ್ಲಿಗೆ ಬರುವ ಹೊತ್ತಿಗೆ ಎಷ್ಟು ಸೊರಗಿರುತ್ತದೆಂದರೆ ಒಂದು ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿನಷ್ಟೂ ಕನ್ನಡಿ ಅಲುಗುವುದಿಲ್ಲ. ಅಷ್ಟು ಸಣ್ಣದಕ್ಕಾಗಿ ಕಾದು ಕೂತವರು ಬಂದದ್ದನ್ನು ಬಿಡಬಾರದು, ಬಾರದ್ದನ್ನು ಬಂತು ಅನ್ನಲೂಬಾರದು. ಅದಕ್ಕೊಂದು ಪರೀಕ್ಷೆಯಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಇಬ್ಬರನ್ನು ಗುಟ್ಟಾಗಿ ಆರಿಸುತ್ತಿದ್ದರು. ಆ ಇಬ್ಬರು ಕನ್ನಡಿಗಳನ್ನು ಹಿಂದಿನಿಂದ ಅಲುಗಿಸಿ, ಇಲ್ಲೂ ದೂರದ ಇನ್ನೊಂದು ಕೇಂದ್ರದಲ್ಲೂ ಒಂದೇ ಹೊತ್ತಿಗೆ, ಒಂದು ಸುಳ್ಳು ಡಿಕ್ಕಿಯನ್ನು ತೂರಿಸಬಹುದು. ತೂರಿಸದೆ ಸುಮ್ಮನೆಯೂ ಇರಬಹುದು. ಮಾಡಿದ್ದನ್ನು ಬರೆದು ಲಕೋಟೆಯಲ್ಲಿಟ್ಟು ಅರಗು ಹಾಕಬೇಕು, ಮಾಡದಿದ್ದರೆ ಖಾಲಿ ಲಕೋಟೆಗೇ ಅರಗು ಹಾಕಬೇಕು. ಸದ್ದು ಸಿಕ್ಕವರು ಅದು ನಿಜವೋ ಸುಳ್ಳೋ ಗೊತ್ತಿಲ್ಲದೆ ತಿಂಗಳುಗಟ್ಟಲೆ ಲೆಕ್ಕ ಹಾಕಿ, ಪ್ರಬಂಧ ಬರೆದು, ಎಲ್ಲರೂ ಸಹಿ ಮಾಡಿದ ಮೇಲೆಯೇ ಲಕೋಟೆ ಒಡೆಯುವುದು. ಖಾಲಿಯಿದ್ದರೆ ಲೋಕಕ್ಕೆ ಸಾರು, ಹಾಳೆಯಿದ್ದರೆ ಪ್ರಬಂಧವನ್ನು ಬುಟ್ಟಿಗೆ ಹಾಕು. ಒಳ್ಳೆಯ ಪದ್ಧತಿ ಎಂದು ಅವಳೇ ಸಮಿತಿಯಲ್ಲಿ ಮೇಜು ಕುಟ್ಟಿ ವಾದಿಸಿದ್ದಳು. ಈ ಸಲದ ಇಬ್ಬರಲ್ಲಿ ಒಬ್ಬಳು ಅವಳು, ಇನ್ನೊಬ್ಬ ಕನ್ನಡಿ ಮೇಸ್ತ್ರಿ. ಮೇಸ್ತ್ರಿ ಅಂದರೆ ಮೇಸ್ತ್ರಿಯಲ್ಲ, ಕನ್ನಡಿಗಳ ಇಂಜಿನಿಯರು. ಎಲ್ಲರೂ ಹಾಗೆ ಕರೆದು ಕರೆದು ಅವನೇ ಫೋನಿನಲ್ಲಿ "ಮೇಸ್ತ್ರಿ ಮಾತಾಡ್ತಿರೋದು" ಅನ್ನುತ್ತಿದ್ದ. ಮನೆಯವರಿಗೂ ಹೇಳಕೂಡದು ಎಂಬ ಕಾಗದಕ್ಕೆ ಅವಳು ಸಹಿ ಹಾಕಿದ್ದಳು. ಹಾಕುವಾಗ ಒಳಗೊಳಗೇ ಖುಷಿಯೂ ಆಗಿತ್ತು, ಇಲ್ಲವೆಂದು ಯಾಕೆ ಸುಳ್ಳು ಹೇಳಬೇಕು.

ಅಡುಗೆಮನೆಯ ಮೇಜಿಗೆ ಅತ್ತೆ ಆಗಲೇ ಬಂದು ಕೂತಿದ್ದರು, ತಲೆ ಬಾಚಿ, ಹೊರಗೆ ಹೋಗುವ ಸೀರೆ ಉಟ್ಟು. ಅವರೇನೂ ಹೊರಗೆ ಹೋಗುವವರಲ್ಲ. ಮಗನ ಫಲಿತಾಂಶದ ದಿನ ಎಂದು ಉಟ್ಟಿದ್ದರು. "ಕೆಳಗಿನ ಮನೆಯವಳು ಕೇಳಿದಳು ಕಣೋ, ನಿಮ್ಮ ಮಗ ಅಷ್ಟು ದೊಡ್ಡ ವಿಜ್ಞಾನೀನ ತಪ್ಪು ಅಂದನಂತೆ, ಹೌದಾ ಅಂತ. ಹೌದು ಅಂದೆ." "ತಪ್ಪು ಅಲ್ಲಮ್ಮ. ಗುರುತ್ವಾಕರ್ಷಣೆ ಬಗ್ಗೆ ಅವರು ಹೇಳಿದ್ದು ಎಲ್ಲೀವರೆಗೆ ಸರಿ, ಎಲ್ಲಿಂದ ಸರಿ ಇಲ್ಲ, ಅಷ್ಟೇ." ಅವನು ಅತ್ತೆಯ ಖಾಲಿ ಲೋಟವನ್ನು ಎಳೆದುಕೊಂಡು ಚಮಚದಿಂದ ತಟ್ಟಿದ. ಪಾತ್ರೆ ಅಂಗಡಿಯಲ್ಲಿ ತಟ್ಟಿ ನೋಡುತ್ತೀಯಲ್ಲ, ಹಾಗೆ, ಅಂದ. ಎರಡು ಕಪ್ಪುಕುಳಿ, ಒಂದೊಂದೂ ಮೂವತ್ತು ಸೂರ್ಯನಷ್ಟು ತೂಕ, ಬೆಳಕಿನ ಅರ್ಧ ವೇಗದಲ್ಲಿ ಬಂದು ಡಿಕ್ಕಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಸೂರ್ಯನಷ್ಟು ತೂಕ ಬರೀ ಅದುರಾಗಿ ಹೋಗಿಬಿಡತ್ತೆ. ಭೂಮಿ ಮೇಲೆ ಎಂಥಾ ಯಂತ್ರ ಕಟ್ಟಿದರೂ ಅಂಥಾ ಸೆಳೆತ ಹುಟ್ಟಲ್ಲ. ನಮ್ಮ ನಿಯಮಗಳು ಎಲ್ಲಿ ಸೋಲತ್ತೆ ಅಂತ ನೋಡೋಕೆ ಇರೋದು ಅದೊಂದೇ ಜಾಗ. ಹೊಸದಾಗಿ ಹುಟ್ಟಿದ ಕುಳಿ ಒಂದು ಕ್ಷಣ ಗುಂಯ್ ಅನ್ನತ್ತೆ, ಆಮೇಲೆ ಸುಮ್ಮನಾಗತ್ತೆ. ಆ ಸ್ವರ ಎಷ್ಟಿರಬೇಕು ಅನ್ನೋಕೆ ಅದರ ತೂಕ, ಸುತ್ತೋ ವೇಗ, ಇವೆರಡು ಸಾಕು. ಒಳಗೆ ಏನೇನು ಬಿದ್ದಿತ್ತು ಅಂತ ಯಾರಿಗೂ ಬೇಕಾಗಲ್ಲ, ಗೊತ್ತೂ ಆಗಲ್ಲ. "ನಮ್ಮದು ಇರಬೇಕಾದ್ದಕ್ಕಿಂತ ಶೇಕಡಾ ಆರು ಕಡಿಮೆ ಸ್ವರದಲ್ಲಿ ಗುಂಯ್ ಅಂದಿದೆ ಅಮ್ಮ." ಅತ್ತೆ ಲೋಟವನ್ನು ಹಿಂದಕ್ಕೆ ತೆಗೆದುಕೊಂಡು ತಾವೂ ಒಮ್ಮೆ ತಟ್ಟಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ನೀನ್ಯಾಕೆ ಹಾಗೆ ಮುಖ ಇಳಿಬಿಟ್ಟುಕೊಂಡು ನಿಂತಿದೀಯ? ಅವನಿಗೂ ಒಂದು ಸಲ ಒಳ್ಳೆಯದಾಗಲಿ ಬಿಡು," ಅಂದರು. ತಮಾಷೆಗೆ ಅಂದ ಹಾಗೆಯೇ ಇತ್ತು. ಇಷ್ಟು ವರ್ಷ ಕೇಂದ್ರದಲ್ಲಿ ಬಡ್ತಿ, ಪ್ರವಾಸ, ಸಮಿತಿ ಎಲ್ಲ ಸೊಸೆಗೆ ಬಂದಿತ್ತು, ಮಗ ಮೂಲೆಯ ಕೋಣೆಯಲ್ಲಿ ಉಳಿದಿದ್ದ. ಅತ್ತೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿದ್ದರು. ಅವಳು ಸಿಂಕಿನ ನಲ್ಲಿ ತಿರುಗಿಸಿ, ತೊಳೆದಿಟ್ಟಿದ್ದ ತಟ್ಟೆಯನ್ನು ಇನ್ನೊಮ್ಮೆ ತೊಳೆದಳು.

ಕಾರಿನಲ್ಲಿ ಅವನೇ ಕೂತು ಓಡಿಸಿದ. ಮೊದಲು ಯಾವಾಗಲೂ ಅವಳೇ ಓಡಿಸುತ್ತಿದ್ದದ್ದು. ಬೆಳಗಿನ ರಸ್ತೆಯಲ್ಲಿ ಕಸದ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡು ತೆವಳುತ್ತಿದ್ದಾಗ ಅವಳ ಕಣ್ಣು ಅವನ ಕುತ್ತಿಗೆಯ ಹಿಂದಿನ ಎಳೆಗಳ ಮೇಲೆಯೇ ಇತ್ತು. ಆವತ್ತೂ ಇದೇ ಶರ್ಟು. ಒಂಬತ್ತು ತಿಂಗಳ ಹಿಂದೆ, ವಾರದ ಸಭೆಯಲ್ಲಿ ಅವನು ಎದ್ದು, ಗುಂಯ್‌ಗುಟ್ಟುವ ಸ್ವರದಲ್ಲಿ ಸಣ್ಣ ವ್ಯತ್ಯಾಸ ಹುಡುಕುವುದಕ್ಕೆ ಕಂಪ್ಯೂಟರಿನಲ್ಲಿ ಒಂದಿಷ್ಟು ಹೊತ್ತು ಕೊಡಬೇಕು ಎಂದು ಕೇಳಿದ್ದ. ಹತ್ತೊಂಬತ್ತು ವರ್ಷದಿಂದ ಅದನ್ನೇ ಕೇಳುತ್ತಿದ್ದ. ಮುಂದಿನ ಸಾಲಿನ ಗಡ್ಡದವನು, ವಿಶ್ಲೇಷಣಾ ವಿಭಾಗದ ಮುಖ್ಯಸ್ಥ, ತಿರುಗಿಯೂ ನೋಡದೆ, "ನಮ್ಮ ಅಪಸ್ವರ ಪಂಡಿತರಿಗೆ ಒಂದು ಶ್ರುತಿಪೆಟ್ಟಿಗೆ ತೆಗೆದುಕೊಡೋಣ ಸರ್, ಅಗ್ಗಕ್ಕೆ ಮುಗಿಯತ್ತೆ," ಅಂದ. ಸಭೆ ನಕ್ಕಿತು. ಅವಳೂ ನಕ್ಕಳು. ಬೇಕೆಂದು ನಕ್ಕದ್ದಲ್ಲ, ಪಕ್ಕದವರು ನಕ್ಕಾಗ ಬಾಯಿ ತಾನೇ ಬಿರಿಯುತ್ತದಲ್ಲ, ಹಾಗೆ. ಕೂತುಕೊಳ್ಳುವ ಮೊದಲು ಅವನು ಒಂದು ಸಲ ಅವಳ ಕಡೆ ನೋಡಿದ್ದ, ಅವಳ ಹಲ್ಲು ಇನ್ನೂ ಹೊರಗಿತ್ತು. ಮನೆಯಲ್ಲಿ ಆ ಮಾತೇ ಬರಲಿಲ್ಲ. "ಹಾಲು ತರಬೇಕಾ?" ಅಂದ, "ಬೇಕು" ಅಂದಳು. ಅದಾಗಿ ಎರಡು ವಾರಕ್ಕೆ ಗುಟ್ಟಿನ ಕಾಗದ ಅವಳ ಮೇಜಿಗೆ ಬಂತು.

ಸುಳ್ಳು ಡಿಕ್ಕಿಯ ಅಂಕಿಗಳನ್ನೆಲ್ಲ ಯಂತ್ರವೇ ಆರಿಸಬೇಕು, ಆದರೆ ನೋಡುವವರ ಕಣ್ಣು ಚುರುಕಾಗಿದೆಯೋ ಇಲ್ಲವೋ ತಿಳಿಯಲು ಒಂದೇ ಒಂದು ವಿಚಿತ್ರವನ್ನು ಗುಟ್ಟಿನವರು ತಾವೇ ಸೇರಿಸಬಹುದು ಎಂದು ನಿಯಮದಲ್ಲಿತ್ತು. ಯಾವ ವಿಚಿತ್ರ ಎಂದು ಅವಳು ಯೋಚಿಸಲಿಲ್ಲ. ಗಂಡನ ಮೊದಲ ಪ್ರಬಂಧದ ಸೂತ್ರ ಅವಳಿಗೆ ಕಂಠಪಾಠ. ಮದುವೆಯಾದ ವರ್ಷ ಅವನ ಬಲಗೈ ಮುರಿದು ಪಟ್ಟಿ ಹಾಕಿದ್ದಾಗ ಇಡೀ ಪ್ರಬಂಧವನ್ನು ಅವಳೇ ಟೈಪು ಮಾಡಿದ್ದಳು. ಒಂದೊಂದು ಸಮೀಕರಣಕ್ಕೂ ಇದು ಯಾಕೆ, ಅದು ಎಲ್ಲಿಂದ ಬಂತು ಎಂದು ಜಗಳ ತೆಗೆದಿದ್ದಳು, ಅವನು ಎಡಗೈಯಲ್ಲಿ ಗಾಳಿಯಲ್ಲಿ ಬರೆದು ಬರೆದು ತೋರಿಸಿದ್ದ. ಆ ಸೂತ್ರದ ಪ್ರಕಾರ ಸ್ವರ ಶೇಕಡಾ ಆರು ಇಳಿಯಬೇಕು. ಅವಳು ಆರು ಎಂದು ಬರೆದು ಮೇಸ್ತ್ರಿಗೆ ಕೊಟ್ಟಳು. ಮೇಸ್ತ್ರಿ ಅಂಕಿ ನೋಡಿ, ಅವಳ ಮುಖ ನೋಡಿ, "ಮೇಡಂ, ಇದು ಬೇಕಾ?" ಅಂದಿದ್ದ. ಬೇಕು ಅಂದಳು. ಇವತ್ತಿಗೂ ಅವಳಿಗೆ ಗೊತ್ತಿರಲಿಲ್ಲ, ಅದು ನಕ್ಕದ್ದಕ್ಕೆ ಕೇಳಿದ ಕ್ಷಮೆಯೋ, ಒಂದು ಸಲ ಗೆಲ್ಲಲಿ ಪಾಪ ಎಂದು ಎಸೆದ ಭಿಕ್ಷೆಯೋ, ಅಥವಾ ಗೆದ್ದರೆ ಇವನು ಹೇಗಿರುತ್ತಾನೆ ನೋಡೋಣ ಎಂಬ ಬರೀ ಕುತೂಹಲವೋ. ಕ್ಷಮೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಧ್ಯಾಹ್ನ ಒಬ್ಬಳೇ ಕೂತು ಊಟದ ಡಬ್ಬಿ ತೆರೆದಾಗ ಮಾತ್ರ ಅದು ಭಿಕ್ಷೆ ಎಂದೇ ಅನ್ನಿಸುತ್ತಿತ್ತು.

ಸದ್ದು ಸಿಕ್ಕ ದಿನ ಅವನು ಮೆಟ್ಟಿಲು ಎರಡೆರಡು ಹತ್ತಿ ಬಂದದ್ದು ಅವಳಿಗೆ ಕೇಳಿಸಿತ್ತು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ಆಮೇಲಿನ ತಿಂಗಳುಗಳು ಅವಳ ಬದುಕಿನಲ್ಲೇ ಒಳ್ಳೆಯವು, ಅದನ್ನು ನೆನೆದರೆ ಅವಳಿಗೆ ತನ್ನ ಮೇಲೆ ಅಸಹ್ಯವಾಗುತ್ತಿತ್ತು. ಸಂಜೆ ಅವಳು "ಇವತ್ತೇನಾಯ್ತು?" ಅನ್ನುತ್ತಿದ್ದಳು. ಮೊದಲು ಕೇಳಿದ್ದು ಬರೀ ಅಪರಾಧಭಾವದಿಂದ, ಮತ್ತೆ ಮತ್ತೆ ಕೇಳಿದ್ದು ಅವನು ಹೇಳುವ ಚೆಂದಕ್ಕೆ. ಅವನು ಹೇಳುತ್ತಿದ್ದ, ಅನ್ನ ಆರಿ ತಣ್ಣಗಾಗುವವರೆಗೆ ಹೇಳುತ್ತಿದ್ದ. ಗಡ್ಡದವನೇ ಬಂದು ಕುರ್ಚಿ ಎಳೆದುಕೊಂಡು ಕೂತದ್ದು, ಇಡೀ ವಿಭಾಗ ತನ್ನ ಮೂಲೆಕೋಣೆಗೆ ಬರತೊಡಗಿದ್ದು. ಒಂದು ಶನಿವಾರ ಇಬ್ಬರೂ ಕೆರೆಯ ದಂಡೆಗೆ ನಡೆದು ಹೋದಾಗ, ರಸ್ತೆ ದಾಟುವಾಗ ಹಿಡಿದ ಕೈಯನ್ನು ದಾಟಿದ ಮೇಲೂ ಅವನು ಬಿಟ್ಟಿರಲಿಲ್ಲ. ತನ್ನ ಸುಳ್ಳಿನ ಕೂಳನ್ನು ತಾನೇ ಕೂತು ಉಣ್ಣುತ್ತಿದ್ದೇನೆ, ಅದೂ ರುಚಿಯಾಗಿದೆ ಎಂದು ಅವಳಿಗೆ ಅನ್ನಿಸಿತ್ತು. ಕೈ ಬಿಡಿಸಿಕೊಳ್ಳಲಿಲ್ಲ.

ಕಸದ ಲಾರಿ ಪಕ್ಕಕ್ಕೆ ತಿರುಗಿತು. ರಸ್ತೆ ಖಾಲಿಯಾದದ್ದು ನೋಡಿ ಅವಳು ಕಷ್ಟಪಟ್ಟು, "ರೀ, ಲಕೋಟೆ ಖಾಲಿ ಇಲ್ದಿದ್ರೆ?" ಅಂದಳು. ಇಷ್ಟಾದರೆ ಮುಂದಿನದು ತಾನೇ ಬರುತ್ತದೆ ಎಂದುಕೊಂಡಿದ್ದಳು. ಅವನು ಗೇರು ಬದಲಿಸಿದ. "ಇಲ್ದಿದ್ರೆ ಇಲ್ಲ. ಕಪ್ಪುಕುಳಿಗೇನು ನಷ್ಟ." "ನಿಮಗೆ?" ಅವನು ಒಂದು ಕೈಯಿಂದ ಕುತ್ತಿಗೆಯ ಹಿಂದೆ ಮುಟ್ಟಿ ನೋಡಿಕೊಂಡ. "ಕಾಲರು ನಿಜವಾಗ್ಲೂ ಅಷ್ಟೊಂದು ಸವೆದಿದೆಯಾ?" ಅಂದ. ಇಲ್ಲ, ಅಷ್ಟೇನಿಲ್ಲ ಅಂದಳು. ಕೇಂದ್ರದ ಗೇಟು ಬಂತು, ಕಾವಲಿನವನು ಅವನಿಗೆ ಎದ್ದು ಸಲಾಮು ಹೊಡೆದ. ಇದೂ ಏಳು ತಿಂಗಳ ಹೊಸ ಸಲಾಮು.

ಸಭಾಂಗಣದಲ್ಲಿ ಎಂಬತ್ತು ಜನ. ಕುರ್ಚಿ ಸಾಲದೆ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಯಾರೋ ಮೇಜಿನ ಮೇಲೆ ಕೇಕು ತಂದಿಟ್ಟು ಬಟ್ಟೆ ಮುಚ್ಚಿದ್ದರು. ಖಾಲಿ ಲಕೋಟೆಯಾದರೆ ಕತ್ತರಿಸುವುದು, ಇಲ್ಲದಿದ್ದರೂ ಕತ್ತರಿಸುವುದು, ಕೇಕಿಗೆ ಏನು ಗೊತ್ತು. ಅವಳು ಎಡಗಡೆಯ ಐದನೆಯ ಸಾಲಿನಲ್ಲಿ ಕೂತಳು. ಮೇಸ್ತ್ರಿ ಎಲ್ಲಿದ್ದಾನೆಂದು ಹುಡುಕಿದಳು, ಅವನು ಬಾಗಿಲ ಪಕ್ಕ ನಿಂತು ಉಗುರು ಕಚ್ಚುತ್ತಿದ್ದ. ನಿರ್ದೇಶಕರು ಇಷ್ಟುದ್ದ ಭಾಷಣ ಮಾಡಿದರು: ಯಂತ್ರ ಕಟ್ಟಿದ ಕಷ್ಟ, ಎಲ್ಲರ ಶ್ರಮ, ಫಲಿತಾಂಶ ಏನೇ ಇರಲಿ ನಾವೆಲ್ಲ ಗೆದ್ದ ಹಾಗೆ. ಗೆಲ್ಲದವರಿಗೆ ಹೇಳುವ ಮಾತಿನಿಂದಲೇ ಶುರು ಮಾಡಿದ್ದಾರೆ, ಇವರಿಗೆ ವಾಸನೆ ಬಡಿದಿದೆಯೇ ಎಂದುಕೊಂಡಳು ಅವಳು. ಅರಗು ಒಡೆದರು. ಎರಡು ಬೆರಳು ಒಳಗೆ ಹಾಕಿದರು. ಹಾಳೆ ಹೊರಗೆ ಬಂತು.

ನಿರ್ದೇಶಕರು ಕನ್ನಡಕ ಹಾಕಿಕೊಂಡು ಓದಿದರು: ದಿನಾಂಕ, ಗಳಿಗೆ, ಎರಡು ತೂಕಗಳು, ಸುತ್ತುವ ವೇಗ. ಸೇರಿಸಿದ ವಿಚಿತ್ರ: ಕೊನೆಯ ಸ್ವರ ಶೇಕಡಾ ಆರು ಇಳಿಕೆ. ಎರಡನೆಯ ಸಾಲಿನಲ್ಲಿ ಒಬ್ಬಳು ಹುಡುಗಿ, ಏಳು ತಿಂಗಳು ಈ ಲೆಕ್ಕಕ್ಕೇ ತನ್ನ ಮದುವೆ ಮುಂದೂಡಿದ್ದವಳು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಇವಳು ಗಂಡನ ಕಡೆ ನೋಡಲಿಲ್ಲ. ನೋಡದೆಯೂ ಅವನು ಎಲ್ಲಿ ಕೂತಿದ್ದಾನೆ, ಹೇಗೆ ಕೂತಿದ್ದಾನೆ ಎಂದು ಬಲಗೆನ್ನೆಗೆ ಗೊತ್ತಾಗುತ್ತಿತ್ತು. "ಸಂಪ್ರದಾಯದಂತೆ ಆ ಇಬ್ಬರು ಎದ್ದು ನಿಲ್ಲಬೇಕು," ಅಂದರು ನಿರ್ದೇಶಕರು. ಮೇಸ್ತ್ರಿ ನಿಂತೇ ಇದ್ದವನು ಕೈ ಎತ್ತಿದ. "ಕನ್ನಡಿ ಅಲುಗಿಸಿದ್ದು ನಾನು ಸರ್. ಅಂಕಿ ನನ್ನದಲ್ಲ," ಅಂದ, ಕೇಳದೇ ಇದ್ದರೂ. ಅವಳು ಎದ್ದು ನಿಂತಳು. ಮಂಡಿ ಮುಂದಿನ ಕುರ್ಚಿಗೆ ಬಡಿಯಿತು. ಎಂಬತ್ತು ತಲೆಗಳು ಮೊದಲು ಅವಳ ಕಡೆ ತಿರುಗಿ, ಆಮೇಲೆ ಅವನ ಕಡೆ ತಿರುಗಿ, ಮತ್ತೆ ಅವಳ ಕಡೆ ತಿರುಗಿದವು. ಗಡ್ಡದವನು ನಿಧಾನವಾಗಿ, "ಅಂದ್ರೆ ಇದು ಮನೆ ಅಡುಗೆ," ಅಂದ. ಒಬ್ಬ ನಕ್ಕ, ಆಮೇಲೆ ನಾಲ್ಕು ಜನ ನಕ್ಕರು. ಏಳು ತಿಂಗಳು ಆ ಮೂಲೆಕೋಣೆಗೆ ಹೋಗಿ ಬಂದವರೇ ನಕ್ಕದ್ದು. ನೆಲ ಬಾಯಿಬಿಡಬಾರದೇ ಎಂದು ಅವಳಿಗೆ ಅನ್ನಿಸಿದ್ದು ತನಗಾಗಿ, ಅವನಿಗಾಗಿ ಅಲ್ಲ. ಅದೂ ಆ ಕ್ಷಣದಲ್ಲೇ ಅವಳಿಗೆ ತಿಳಿಯಿತು.

ಗಂಡ ಎದ್ದ. ಹೊರಗೆ ಹೋಗುತ್ತಾನೆ ಎಂದುಕೊಂಡಳು. ಅವನು ಮುಂದೆ ಹೋಗಿ ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡ. "ಒಂದು ನಿಮಿಷ ಸರ್. ನಿಮ್ಮ ಕೈಯಲ್ಲಿರೋ ಪ್ರಬಂಧದ ಕರಡಿನ ಕೊನೆಯಲ್ಲಿ ಆಧಾರಗಳ ಪಟ್ಟಿ ಇದೆ, ಹದಿನೇಳು ಮತ್ತೆ ಹದಿನೆಂಟು ನೋಡಿ. ಹದಿನೇಳು ನನ್ನ ಮೊದಲ ಪ್ರಬಂಧ, ಎಲ್ಲರೂ ತಮಾಷೆ ಮಾಡ್ತಾ ಇದ್ರಲ್ಲ, ಅದು. ಹದಿನೆಂಟು ಅದರ ತಿದ್ದುಪಡಿ, ಹನ್ನೆರಡು ವರ್ಷ ಆಯ್ತು ಬಂದು. ಮೊದಲನೇದ್ರಲ್ಲಿ ಒಂದು ತಪ್ಪಿದೆ. ಒಂದೇ ಅಲೆಯನ್ನ ಎರಡು ಸಲ ಎಣಿಸಿಬಿಟ್ಟಿದೀನಿ. ಸರಿ ಮಾಡಿದ್ರೆ ಮೂರು ಬರಬೇಕು, ಆರಲ್ಲ." ಸಭೆಯಲ್ಲಿ ಹಾಳೆ ತಿರುವುವ ಸದ್ದು ಶುರುವಾಯಿತು. "ನಮಗೆ ಸಿಕ್ಕಿದ್ದು ಆರು, ಹೆಚ್ಚೂಕಡಿಮೆ ಇಲ್ಲ. ಅಂದ್ರೆ ಈ ಕಪ್ಪುಕುಳಿ ನನ್ನ ತಪ್ಪನ್ನೇ ಗುನುಗ್ತಾ ಇತ್ತು. ನನ್ನ ಸಿದ್ಧಾಂತ ನಿಜ ಇರಬಹುದು, ಸುಳ್ಳಿರಬಹುದು, ಆದ್ರೆ ನನ್ನ ಕೈತಪ್ಪನ್ನ ಪ್ರಕೃತಿ ಮಾಡೋಕೆ ಸಾಧ್ಯ ಇಲ್ಲ. ಇದು ಮನುಷ್ಯರು ಹಾಕಿದ್ದು ಅಂತ ನನಗೆ ಮೂರನೇ ವಾರದಲ್ಲೇ ಅನ್ನಿಸ್ತು. ಲಕೋಟೆ ಒಡೆಯೋವರೆಗೂ ಯಾರೂ ಊಹೆ ಹೇಳಬಾರದು ಅನ್ನೋದು ನಿಯಮ, ಅದಕ್ಕೆ ಹೇಳಲಿಲ್ಲ. ಪಟ್ಟಿಯಲ್ಲಿ ಮಾತ್ರ ಎರಡನ್ನೂ ಹಾಕಿದ್ದೆ. ಎಂಬತ್ತು ಜನ ಸಹಿ ಮಾಡಿದೀರಿ. ಹದಿನೆಂಟನೇದನ್ನ ಒಬ್ಬರೂ ತೆಗೆದು ನೋಡಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಗಡ್ಡದವನು ಹಾಳೆಯಿಂದ ತಲೆ ಎತ್ತಲಿಲ್ಲ. ನಿರ್ದೇಶಕರು ಕನ್ನಡಕ ತೆಗೆದಿಟ್ಟು ಚಪ್ಪಾಳೆ ತಟ್ಟಿದರು. ಮುಖ ಮುಚ್ಚಿಕೊಂಡಿದ್ದ ಹುಡುಗಿ ಎದ್ದು ನಿಂತು ತಟ್ಟಿದಳು. ಐದನೆಯ ಸಾಲಿನಲ್ಲಿ ಇವಳು ನಿಂತವಳು ನಿಂತೇ ಇದ್ದಳು, ಚಪ್ಪಾಳೆ ತಟ್ಟಬೇಕೋ ಕೂತುಕೊಳ್ಳಬೇಕೋ ತಿಳಿಯದೆ.

ಹೊರಗಿನ ಉದ್ದನೆಯ ಮೊಗಸಾಲೆಯಲ್ಲಿ ನೀರಿನ ಯಂತ್ರದ ಹತ್ತಿರ ಅವನು ಸಿಕ್ಕ. ಕಾಗದದ ಲೋಟಕ್ಕೆ ನೀರು ಹಿಡಿಯುತ್ತಿದ್ದ. "ಮೂರನೇ ವಾರದಲ್ಲೇ ಗೊತ್ತಿತ್ತಾ?" ಅಂದಳು. "ಹೂಂ." "ನಾನೇ ಅಂತ?" "ಮೊದಲನೇ ಪ್ರಬಂಧನ ಪೂರ್ತಿ ಓದಿದೋರು ಪ್ರಪಂಚದಲ್ಲಿ ಇಬ್ಬರೇ. ಅದರಲ್ಲಿ ಒಬ್ಬ ನಾನು." ಅವನು ನೀರು ಕುಡಿದ. ಅವಳು ಕೇಳಲೇಬೇಕಾಗಿದ್ದದ್ದನ್ನು ಕೇಳಿದಳು, "ಮತ್ತೆ ನನಗ್ಯಾಕೆ ಹೇಳಲಿಲ್ಲ? ಮನೇಲಿ, ನಾವಿಬ್ಬರೇ ಇದ್ದಾಗ?" "ನೀನು ಸಂಜೆ ಸಂಜೆ ಕೇಳ್ತಿದ್ದೆ, ಇವತ್ತೇನಾಯ್ತು ಅಂತ. ಹೇಳಿಬಿಟ್ಟಿದ್ರೆ ಕೇಳೋದು ನಿಲ್ಲಿಸ್ತಿದ್ದೆ." ಲೋಟವನ್ನು ಹಿಸುಕಿದ, ಮತ್ತೆ ಬಿಡಿಸಿದ. ಕೆರೆಯ ದಂಡೆ, ಹಿಡಿದ ಕೈ, ತಣ್ಣಗಾದ ಅನ್ನ, ಎಲ್ಲವೂ ಇವನಿಗೆ ಗೊತ್ತಿದ್ದೇ ನಡೆದದ್ದು. ಇವನೂ ಅದೇ ಕೂಳನ್ನು ಉಂಡವನು ಎಂದು ಅವಳಿಗೆ ಒಂದು ಬಗೆಯ ಹಗುರವಾಯಿತು, ಆ ಹಗುರಕ್ಕೇ ನಾಚಿಕೆಯೂ ಆಯಿತು. "ಯಾಕೆ ಹಾಕಿದೆ ಅಂತ ಮಾತ್ರ ಗೊತ್ತಾಗಲಿಲ್ಲ," ಅಂದ ಅವನು. "ತುಂಬಾ ಯೋಚನೆ ಮಾಡಿದೆ. ಮೂರು ಹಾಕಿದ್ರೆ ಪ್ರೀತಿ ಅನ್ನಬಹುದಿತ್ತು. ಆರು ಹಾಕಿದೀಯ. ಅಣಕ ಮಾಡ್ತಿದಾಳೆ, ನಿಮ್ಮ ತಪ್ಪು ನನಗೆ ನೆನಪಿದೆ ಅಂತ ಹೇಳ್ತಿದಾಳೆ ಅಂದ್ಕೊಂಡೆ. ಸಿಟ್ಟು ಬಂದಿತ್ತು. ಆದ್ರೂ ನೆನಪಿದೆಯಲ್ಲ ಅಂತ ಅನ್ನಿಸ್ತು."

"ಅಯ್ಯೋ, ಅಣಕ ಅಲ್ಲ ರೀ," ಅಂದಳು ಅವಳು. ಕೊನೆಗೂ ಹಿಡಿದುಕೊಳ್ಳಲು ಒಂದು ಸತ್ಯ ಸಿಕ್ಕಿತ್ತು, ಆತುರಾತುರವಾಗಿ ಮುಂದೆ ಚಾಚಿದಳು. "ನಿಮ್ಮಾಣೆ ಅಲ್ಲ. ಆ ತಿದ್ದುಪಡಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅದನ್ನ ನಾನು ಓದೇ ಇಲ್ಲ."

ಅವನು ಅವಳನ್ನು ನೋಡಿದ. ಲಕೋಟೆಯಿಂದ ಹಾಳೆ ಬಂದಾಗಲೂ, ಸಭೆ ನಕ್ಕಾಗಲೂ ಕೆಡದೇ ಇದ್ದ ಮುಖ ಈಗ ಕೆಟ್ಟಿತು. "ಓದೇ ಇಲ್ವಾ?" ಅಂದ. ಅವಳಿಗೆ ಅರ್ಥವಾಗಲಿಲ್ಲ, ನಿರಪರಾಧಿ ಎಂದು ಸಾಬೀತಾದವಳನ್ನು ನೋಡುವ ನೋಟ ಅದಲ್ಲ ಎಂದಷ್ಟೇ ಗೊತ್ತಾಯಿತು. ಸಭಾಂಗಣದ ಬಾಗಿಲು ತೆರೆದು ನಾಲ್ಕೈದು ಜನ ಹುಡುಗರು ಹುಡುಗಿಯರು ಬಂದು, "ಸರ್, ಕೇಕು ಕತ್ತರಿಸ್ತಿದಾರೆ, ನೀವು ಬರಲೇಬೇಕು," ಎಂದು ಅವನ ಸುತ್ತ ನಿಂತರು. ಅವನು ಹೊರಟ. ಎರಡು ಹೆಜ್ಜೆ ಹೋದವನು ತಿರುಗಿ, "ಅಮ್ಮ ಕಾಯ್ತಾ ಇರ್ತಾಳೆ. ನೀನೇ ಹೇಳಿಬಿಡು," ಅಂದ. ಹಿಸುಕಿದ ಲೋಟ ನೀರಿನ ಯಂತ್ರದ ತಲೆಯ ಮೇಲೆ ಉಳಿಯಿತು.

ಅವಳ ಕೋಣೆ ಮೂರನೆಯ ಮಹಡಿಯಲ್ಲಿ, ದೊಡ್ಡ ಕಿಟಕಿ, ಕೊಳವೆ ದೂರಕ್ಕೆ ಹೋಗಿ ಮರಗಳ ಹಿಂದೆ ಕಾಣದಾಗುವುದು ಅಲ್ಲಿಂದ ಕಾಣುತ್ತದೆ. ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಕೆಳಗೆ ಚಪ್ಪಾಳೆಯ ಸದ್ದು ಇನ್ನೊಂದು ಸಲ ಬಂತು. ಹದಿನೆಂಟನೆಯದನ್ನು ಹುಡುಕುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಹೆಸರೇ ಕೇಳಿರದ ಒಂದು ಸಣ್ಣ ಪತ್ರಿಕೆ, ನಾಲ್ಕೇ ಪುಟ. ಬಂದ ವರ್ಷ ನೋಡಿದಳು. ಅದು ಅವಳಿಗೆ ಮೊದಲ ಬಡ್ತಿ ಬಂದ ವರ್ಷ, ಕನ್ನಡಿಗಳನ್ನು ತೂಗುಹಾಕುವ ಹೊಸ ತಂತಿಗಾಗಿ ತಿಂಗಳಿಗೆರಡು ಸಲ ವಿಮಾನ ಹತ್ತಿದ ವರ್ಷ. ಯಾವ ವಾರ ಯಾವ ಊರಿನಲ್ಲಿದ್ದೆ, ಯಾವ ತಂತಿ ಎಷ್ಟು ಭಾರಕ್ಕೆ ಹರಿಯಿತು, ಈಗಲೂ ಹೇಳಬಲ್ಲಳು. ಸಮೀಕರಣಗಳು ಅವಳಿಗೆ ಸುಲಭವಾಗಿ ಅರ್ಥವಾದವು. ಕುಳಿಯ ಅಂಚಿನಲ್ಲಿ ಒಳಗೆ ಹೋಗಿ ಹೊರಗೆ ಬರುವ ಅಲೆ ಒಂದೇ. ಮೊದಲನೆಯದರಲ್ಲಿ ಅವನು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಎಣಿಸಿದ್ದ. ಎಷ್ಟು ಸರಳವಾದ ತಪ್ಪು, ಟೈಪು ಮಾಡುವಾಗ ತನಗೆ ಹೇಗೆ ಕಾಣಲಿಲ್ಲ ಎಂದುಕೊಂಡು ಕೊನೆಯ ಪುಟಕ್ಕೆ ಬಂದಳು. ಅಲ್ಲಿ ಕೃತಜ್ಞತೆಯ ಎರಡು ಸಾಲುಗಳಿದ್ದವು. 'ಒಳಗೆ ಹೋದದ್ದೇ ಹೊರಗೆ ಬರುವುದಾದರೆ ಎರಡು ಸಲ ಯಾಕೆ ಎಣಿಸುತ್ತೀರಿ ಎಂದು ಊಟ ಮಾಡುತ್ತ ಕೇಳಿದ ನನ್ನ ಹೆಂಡತಿಗೆ ಋಣಿಯಾಗಿದ್ದೇನೆ. ಈ ತಿದ್ದುಪಡಿ ಅವಳದು.'

ಅವಳು ಅದನ್ನು ಇನ್ನೊಮ್ಮೆ ಓದಿದಳು. ಯಾವ ಊಟ, ಯಾವ ವಾರ, ಏನು ಬಡಿಸಿತ್ತು, ಅವನು ಆಗ ಏನೆಂದ. ಕಣ್ಣು ಮುಚ್ಚಿ ಹುಡುಕಿದಳು. ವಿಮಾನ ನಿಲ್ದಾಣದ ಬೆಂಚುಗಳು ನೆನಪಾದವು, ಹರಿದ ತಂತಿಗಳು ನೆನಪಾದವು. ಅವನು ಎದುರಿಗೆ ಕೂತು ಮಾತಾಡುತ್ತಿದ್ದದ್ದು, ತಾನು ಏನೋ ಯೋಚಿಸುತ್ತ ತಟ್ಟೆ ನೋಡಿಕೊಂಡು ಒಂದು ಮಾತು ಕೇಳಿದ್ದು, ಅದು ಎಲ್ಲೂ ಇರಲಿಲ್ಲ. ಹನ್ನೆರಡು ವರ್ಷ ಅವನು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಓದಿರುತ್ತಾಳೆ ಎಂದುಕೊಂಡಿದ್ದನೋ, ಓದಲಿ ಎಂದು ಬಿಟ್ಟಿದ್ದನೋ. ಫೋನು ಹೊಡೆದುಕೊಂಡಿತು. ಮನೆಯಿಂದ. ಅವಳು ನಿಲ್ಲಲಿ ಎಂದು ಕಾದಳು, ನಿಲ್ಲಲಿಲ್ಲ.

"ಏನಂತೆ?" ಅಂದರು ಅತ್ತೆ. "ಅವನು ಫೋನೇ ಎತ್ತುತ್ತಿಲ್ಲ. ಆರು ಅಂದಿದ್ದನಲ್ಲ, ಒಪ್ಪಿದರಾ?"

"ಆರು ತಪ್ಪಂತೆ ಅತ್ತೆ. ಮೂರಂತೆ."

"ಯಾರೇ ಹಾಗಂದಿದ್ದು?" ಅತ್ತೆಯ ದನಿ ಏರಿತು. "ಆ ಗಡ್ಡದವನಾ?"

"ಅಲ್ಲ," ಅಂದಳು ಅವಳು. "ನಾನೇ ಅಂದಿದ್ದಂತೆ."